ಲಿವರ್‌ಪೂಲಿನ ಒಂದೇ ಪಾತ್ರೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಲಿವರ್‌ಪೂಲ್ ಊರಿನವರಿಗೆ ‘ಸ್ಕೌಸರ್’ ಅಂತ ಹೆಸರು. ಅವರು ಆಡುವ ಇಂಗ್ಲಿಷಿಗೆ ‘ಸ್ಕೌಸ್’ ಅಂತಾರೆ. ಎರಡೂ ಬಂದದ್ದು ಸ್ಕೌಸ್ ಅನ್ನುವ ಒಂದು ಅಡುಗೆಯಿಂದ. ದನದ ಅಥವಾ ಕುರಿಯ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಇಷ್ಟನ್ನೂ ಒಂದೇ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಸ್ಟ್ಯೂ ಅದು.

ಹಳೆಯ ಹೆಸರು ಲಾಬ್‌ಸ್ಕೌಸ್. ಹಡಗಿನವರ ಊಟ. ಉಪ್ಪು ಹಾಕಿಟ್ಟ ದನದ ಮಾಂಸಕ್ಕೆ ಕಲ್ಲಿನಂಥ ಹಡಗು ಬಿಸ್ಕತ್ತನ್ನು ಪುಡಿಮಾಡಿ ಬೆರೆಸಿ ಗಟ್ಟಿ ಮಾಡ್ತಿದ್ದರು. ನಾರ್ವೆಯಲ್ಲಿ ಲಾಪ್ಸ್‌ಕೌಸ್, ಹ್ಯಾಂಬರ್ಗಿನಲ್ಲಿ ಲಾಬ್ಸ್‌ಕೌಸ್ ಅಂತ ಇದರ ನೆಂಟರು ಇವತ್ತಿಗೂ ಇದ್ದಾರೆ. ದಡಕ್ಕೆ ಬಂದಮೇಲೆ ಬಿಸ್ಕತ್ತಿನ ಜಾಗಕ್ಕೆ ಆಲೂಗಡ್ಡೆ ಬಂತು.

1797ರಲ್ಲಿ ಫ್ರೆಡರಿಕ್ ಮಾರ್ಟನ್ ಈಡನ್ ಇಂಗ್ಲೆಂಡಿನ ಬಡವರ ಸ್ಥಿತಿಗತಿ ಕುರಿತು ಬರೆದಾಗ ಲಿವರ್‌ಪೂಲಿನ ಬಡವರ ಆಶ್ರಯದ ಖರ್ಚಿನ ಪಟ್ಟಿ ಕೊಟ್ಟಿದ್ದಾನೆ. ಸ್ಕೌಸಿಗೆ ಮಾಂಸ 101 ಪೌಂಡ್ (ದುಡ್ಡಲ್ಲ, ತೂಕ; ಒಂದು ಪೌಂಡ್ ಅಂದರೆ ಸುಮಾರು ಅರ್ಧ ಕಿಲೋ), ಆಲೂಗಡ್ಡೆ 420 ಪೌಂಡ್, ಈರುಳ್ಳಿ 28 ಪೌಂಡ್. ಒಂದು ಪಾಲು ಮಾಂಸಕ್ಕೆ ನಾಲ್ಕು ಪಾಲಿಗಿಂತ ಹೆಚ್ಚು ಆಲೂ! ನನಗೆ ಈ ಅಡುಗೆ ಅರ್ಥವಾದದ್ದು ಈ ಲೆಕ್ಕ ಓದಿದ ಮೇಲೆ. ಇದು ಮಾಂಸದ ಊಟವಲ್ಲ. ಕೊಂಚ ಮಾಂಸದ ಸಾರವನ್ನು ಗೆಡ್ಡೆಗಳಿಗೆಲ್ಲ ಹಂಚುವ ಊಟ. ಕೈಯಲ್ಲಿ ದುಡ್ಡಿದೆ ಅಂತ ಮಾಂಸ ಸುರಿದರೆ ಸ್ಕೌಸ್ ಕೆಡುತ್ತದೆ ಅಂತಲೇ ನನ್ನ ನಂಬಿಕೆ.

ಅರ್ಧ ಕಿಲೋ ಮಾಂಸಕ್ಕೆ ಒಂದೂಕಾಲು ಕಿಲೋ ಆಲೂ ನಾನು ಹಾಕುವ ಅಳತೆ. ಮೆತ್ತನೆ ಮಾಂಸ ಬೇಡ. ಹೆಗಲಿನದೋ ಮೊಣಕಾಲಿನದೋ, ನಾರು ನಾರಾಗಿ ಅಗ್ಗಕ್ಕೆ ಸಿಗುವಂಥದ್ದೇ ಬೇಕು. ಆ ಬಿಳಿ ನಾರಿನಲ್ಲಿರುವ ಕೊಲಾಜನ್ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ಆರಿದಾಗ ಗಟ್ಟಿಯಾಗಿ ನಡುಗುತ್ತದಲ್ಲ, ಅದೇ ಇದು. ಆದರೆ ಅದಕ್ಕೆ ಹೊತ್ತು ಬೇಕು, ಎರಡೂವರೆ ಮೂರು ಗಂಟೆ. ಪಾತ್ರೆ ಕೊತಕೊತ ಕುದಿಯಬಾರದು. ಆಗೊಮ್ಮೆ ಈಗೊಮ್ಮೆ ಒಂದು ಗುಳ್ಳೆ ಎದ್ದರೆ ಸಾಕು. ಜೋರಾಗಿ ಕುದಿಸಿದರೆ ಮಾಂಸ ಒಳಗಿನ ನೀರನ್ನೆಲ್ಲ ಹಿಂಡಿಕೊಂಡು ಹಗ್ಗದ ಎಳೆಯಂತಾಗುತ್ತದೆ.

ಮೊದಲು ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ನೀರು ಆರಿಸಿ. ಒದ್ದೆ ಮಾಂಸ ಕೆಂಪಗಾಗದು, ನೀರು ಆವಿಯಾಗುವವರೆಗೆ ಪಾತ್ರೆಯ ಶಾಖ ಮೇಲೇರುವುದೇ ಇಲ್ಲ. ಸ್ವಲ್ಪ ಸ್ವಲ್ಪವೇ ಹಾಕಿ ಹುರಿಯಿರಿ. ತಳದಲ್ಲಿ ಕಂದು ಪೊರೆ ಹಿಡಿಯುತ್ತದೆ. ದಯವಿಟ್ಟು ಅದನ್ನು ತೊಳೆದುಬಿಡಬೇಡಿ. ಈರುಳ್ಳಿ ಹಾಕಿ, ಅದು ಬಿಡುವ ನೀರಿನಲ್ಲೇ ಮರದ ಸೌಟಿನಿಂದ ಕೆರೆಯಿರಿ. ಸ್ಟ್ಯೂವಿನ ಬಣ್ಣ, ಅರ್ಧ ರುಚಿ ಅಲ್ಲೇ ಇದೆ.

ಆಮೇಲೆ ಮಾಂಸ ಮುಳುಗುವಷ್ಟು ನೀರು, ಉಪ್ಪು, ಮೆಣಸು. ಆಲೂವಿನಲ್ಲಿ ಮೂರನೇ ಒಂದು ಪಾಲನ್ನು ಸಣ್ಣಗೆ ಹೆಚ್ಚಿ ಆಗಲೇ ಹಾಕಬೇಕು. ಅದು ಕರಗಿ ಗೊಜ್ಜಿನ ಹದ ಕೊಡುತ್ತದೆ, ಮೈದಾ ಬೇಕಿಲ್ಲ. ಉಳಿದದ್ದನ್ನೂ ಕ್ಯಾರೆಟ್ಟನ್ನೂ ದಪ್ಪ ಹೋಳು ಮಾಡಿ ಕೊನೆಯ ಮುಕ್ಕಾಲು ಗಂಟೆಗೆ ಹಾಕಿ, ಮುಳುಗದಿದ್ದರೆ ಇನ್ನಷ್ಟು ಬಿಸಿನೀರು ಸೇರಿಸಿ. ಕೆಲವು ಮನೆಗಳಲ್ಲಿ ಸ್ವೀಡ್ ಕೂಡ ಹಾಕ್ತಾರೆ, ಅದು ಹಳದಿ ತಿರುಳಿನ ಗೆಡ್ಡೆ, ನಮ್ಮ ನವಿಲುಕೋಸಿನ ದೂರದ ನೆಂಟ.

ಕುಕ್ಕರಿನಲ್ಲಿ ಮಾಡಬಹುದಾ ಅಂತ ಕೇಳ್ತೀರಿ. ಮಾಂಸಕ್ಕೆ ಅಡ್ಡಿಯಿಲ್ಲ. ಆಲೂವನ್ನು ಮಾತ್ರ ಮುಚ್ಚಳ ತೆಗೆದ ಮೇಲೆ ಹಾಕಿ.

ಮಾಂಸ ಕೊಳ್ಳಲಾಗದ ವಾರ ಅದೇ ಪಾತ್ರೆಯಲ್ಲಿ ಬರೀ ಗೆಡ್ಡೆ ಬೇಯುತ್ತಿತ್ತು. ಅದಕ್ಕೆ ‘ಕುರುಡು ಸ್ಕೌಸ್’ ಅಂತ ಹೆಸರು. ಹೆಸರು ಬೇರೆಯಾದರೂ ತಟ್ಟೆ ಬಡಿಸುವ ರೀತಿ ಒಂದೇ: ಪಕ್ಕದಲ್ಲಿ ವಿನಿಗರ್‌ನಲ್ಲಿ ನೆನೆಸಿದ ಕೆಂಪು ಕೋಸು ಅಥವಾ ಬೀಟ್‌ರೂಟ್. ಅದರ ಹುಳಿ ನೇರಳೆ ರಸ ಆಲೂವಿನ ಅಂಚಿಗೆ ಇಳಿಯುತ್ತಾ ಬರುತ್ತದೆ. ಮೊದಲ ತುತ್ತು ಅಲ್ಲಿಂದಲೇ ತೆಗೆಯಿರಿ.