ಹೊಳೆ ದಂಡೆಯ ಹಳೇ ಊರು, ಹಗಲಿಡೀ ಬೀಗ ಹಾಕಿದ ಮನೆ

ವಾಸ ಹೊಳೆ ದಂಡೆಯ ಹಳೇ ಊರಲ್ಲಿ, ಕೆಲಸ ನಗರದಲ್ಲಿ. ಹೀಗಿರಬೇಕು ಅಂತ ಮನೆ ಹುಡುಕುವವರು ಹೊಳೆ ಎಷ್ಟು ದೂರ ಅಂತ ಕೇಳ್ತಾರೆ. ಕೇಳಬೇಕಾದ್ದು ಹೊಸ್ತಿಲು ಎಷ್ಟು ಎತ್ತರ ಅಂತ. ಅಕ್ಕಪಕ್ಕದ ಹಳೇ ಗೋಡೆಗಳ ಮೇಲೆ ನೆರೆಯ ಗುರುತು ಹುಡುಕಿ. ಗಾರೆಯವರ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ತಂದು ಒಂದು ತುದಿ ಗುರುತಿಗೆ, ಇನ್ನೊಂದು ಹೊಸ್ತಿಲಿಗೆ ಹಿಡಿದರೆ ಹೊಸ್ತಿಲು ಗುರುತಿಗಿಂತ ಮೇಲೋ ಕೆಳಗೋ ಗೊತ್ತಾಗುತ್ತೆ. ಪೈಪಲ್ಲಿ ಗಾಳಿಗುಳ್ಳೆ ಉಳಿದರೆ ಅಳತೆ ಸುಳ್ಳಾಗುತ್ತೆ; ಬೆರಳಲ್ಲಿ ತಟ್ಟಿ ಬಿಡಿಸಿ. ಹೊಳೆ ಇಳಿಜಾರಲ್ಲಿ ಹರಿಯೋದರಿಂದ ದೂರದ ಗುರುತು ಲೆಕ್ಕಕ್ಕೆ ಬರಲ್ಲ.

ಇನ್ನು ಗೋಡೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕೂ ಹಳೆಯ ಗೋಡೆ ಸುಣ್ಣದ ಗಾರೆಯದೋ ಮಣ್ಣಿನದೋ ಆಗಿರುತ್ತೆ. ನೆಲದ ತೇವ ಎಳೆದುಕೊಂಡು ಮೈಯಿಂದಲೇ ಗಾಳಿಗೆ ಬಿಡೋದು ಅದರ ಗುಣ. ಮೇಲೆ ಸಿಮೆಂಟ್ ಬಳಿದರೆ ತೇವ ಹೊರಬರಲಾಗದೆ ಇನ್ನೂ ಮೇಲಕ್ಕೆ ಹತ್ತುತ್ತೆ, ಉಪ್ಪು ಕಾಣಿಸಿಕೊಂಡು ಬಣ್ಣ ಪೊರೆ ಏಳುತ್ತೆ. ಹಾಗಾಗಿ ಸುಣ್ಣದ ಗಾರೆಯನ್ನೇ ಬಳಿಸಿ: ನೆನೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಪದರಕ್ಕೆ 8ರಿಂದ 10 ಮಿ.ಮೀ. ಮೊದಲು ಗೋಡೆ ನೆನೆಸಿ. ಬಳಿದ ಮೇಲೆ ಒದ್ದೆ ಗೋಣಿ ಇಳಿಬಿಡಿ. ಬೇಗ ಒಣಗಿದ ಗಾರೆ ಉಗುರು ತಾಗಿದರೂ ಪುಡಿ ಉದುರುತ್ತೆ. ಸುಣ್ಣದ ಗಾರೆ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಪಟ್ಟ ಪಾಡೆಲ್ಲ ದಂಡ, ಸುಣ್ಣವೇ ಬಳಿಯಿರಿ.

ದಿನಾ ಓಡಾಡುವವರಿಗೆ ಇನ್ನೊಂದು ತಾಪತ್ರಯ. ಬೆಳಗ್ಗೆ ಬೀಗ ಹಾಕಿದ ಮನೆಯಲ್ಲಿ ಸಂಜೆವರೆಗೂ ಗಾಳಿಯಾಡಲ್ಲ. ನೆಲದ ಹತ್ತಿರ ಒಂದು ಗಾಳಿಕಿಂಡಿ, ಎದುರು ಗೋಡೆಯಲ್ಲಿ ಸೂರಿನಡಿ ಒಂದು ಸದಾ ತೆರೆದಿರಲಿ. ಬೀರು ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ನೆರೆ ನೀವು ಆಫೀಸಲ್ಲಿದ್ದಾಗಲೂ ಬರಬಹುದು. ಎಷ್ಟೋ ಸಲ ನೀರು ಬಾಗಿಲಿಗಿಂತ ಮುಂಚೆ ಬಚ್ಚಲಿನಿಂದ, ಕಮೋಡಿನಿಂದ ಉಕ್ಕುತ್ತೆ. ಹೊರಗಿನ ಕೊಳೆ ನೀರಿನ ಚೇಂಬರಿಗೆ ನಾನ್ ರಿಟರ್ನ್ ವಾಲ್ವ್ (ನೀರನ್ನು ಆಚೆಗೆ ಮಾತ್ರ ಬಿಟ್ಟು ವಾಪಸ್ ಬರದಂತೆ ತಡೆಯುವ ಮುಚ್ಚಳ) ಹಾಕಿಸಿ. ಕೂದಲು, ಜಿಡ್ಡು ಸಿಕ್ಕಿಕೊಂಡರೆ ಅದರ ಮುಚ್ಚಳ ಅರ್ಧ ತೆರೆದೇ ನಿಲ್ಲುತ್ತೆ, ಇದ್ದೂ ಇಲ್ಲದ ಹಾಗೆ. ಮಳೆಗಾಲಕ್ಕೆ ಮುಂಚೆ ಬಿಚ್ಚಿ ತೊಳೀಬೇಕು. ವಾಲ್ವ್ ಮುಚ್ಚಿಕೊಂಡಾಗ ಮನೆಯ ನೀರೂ ಆಚೆ ಹೋಗಲ್ಲ. ಟೈಮರ್ ಇಟ್ಟು ವಾಷಿಂಗ್ ಮೆಷಿನ್ ಬಿಟ್ಟು ಹೋದರೆ ನಿಮ್ಮ ಕೊಳೆ ನೀರೇ ನಡುಮನೆಗೆ ಬರುತ್ತೆ. ಸಾಕೆಟ್ಟುಗಳು ನೆರೆ ಗುರುತಿಗಿಂತ ಮೇಲಿರಲಿ, ವೈರು ಚಾವಣಿಯಿಂದ ಇಳಿಯಲಿ, ಕೆಳಮನೆಗೆ ಬೇರೆ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್ಚು) ಇರಲಿ.

ಪ್ರಯಾಣದ ಹೊತ್ತನ್ನು ಭಾನುವಾರ ಅಳೆಯಬೇಡಿ. ಸೋಮವಾರ ಬೆಳಗ್ಗೆ, ಮನೆ ಬಾಗಿಲಿಂದ ಆಫೀಸ್ ಬಾಗಿಲವರೆಗೆ ಲೆಕ್ಕ ಹಾಕಿ. ಹಳೇ ಸೇತುವೆ ಒಂದೇ ಗಾಡಿ ಹಿಡಿಸುವಷ್ಟು ಅಗಲ ಇದ್ದರೆ ಅಲ್ಲೇ ಕಾಲು ಗಂಟೆ ಹೋಗಬಹುದು. ಸ್ಟೇಷನ್ ಆಚೆ ದಂಡೆಯಲ್ಲಿದ್ದರೆ, ನೆರೆ ಬಂದು ಸೇತುವೆ ಮುಚ್ಚಿದ ದಿನ ಮುಂದಿನ ಸೇತುವೆಗೆ ಎಷ್ಟು ಸುತ್ತು ಅನ್ನೋದನ್ನ ಅಡ್ವಾನ್ಸ್ ಕೊಡೋಕೆ ಮುಂಚೆಯೇ ಓಡಿಸಿ ನೋಡಿ.