ಅಂಚು ತಿಕ್ಕುವ ಕೆಲಸ

ಕೇಳುಗರಿಗೆ ನಮಸ್ಕಾರ.

ಚಕ್ಕಳದ ಬೆಲ್ಟೋ ಪರ್ಸೋ ಹತ್ತಿರ ಇದ್ದರೆ ಒಂದು ನಿಮಿಷ ಕೈಗೆ ತಗೊಳ್ಳಿ. ಮೇಲ್ಗಡೆ ಅಲ್ಲ, ಪಕ್ಕದ ಅಂಚು ನೋಡಿ. ಉಗುರಿನಿಂದ ಮೆಲ್ಲಗೆ ಕೆರೆಯಿರಿ. ನೂಲು ನೂಲಾಗಿ ಎದ್ದರೆ ಅದನ್ನು ಯಾರೂ ತಿಕ್ಕಿಲ್ಲ. ಪೊರೆಯ ಹಾಗೆ ಎದ್ದು ಬಂದರೆ ಸುಮ್ನೆ ಬಣ್ಣ ಬಳಿದು ಕಳಿಸಿದ್ದಾರೆ. ಉಗುರು ಜಾರಿ ಹೋಯಿತಾ? ಹಾಗಾದರೆ ಯಾರೋ ಕೂತು ಕೆಲಸ ಮಾಡಿದ್ದಾರೆ.

ನಾನು ದಾವಣಗೆರೆಯಲ್ಲಿ ಬೆಲ್ಟು, ಪರ್ಸು, ವಾಚಿನ ಪಟ್ಟಿ ಅಂತ ಸಣ್ಣಪುಟ್ಟ ಚಕ್ಕಳದ ಸಾಮಾನು ಕೈಯಲ್ಲೇ ಮಾಡುತ್ತೇನೆ. ಕತ್ತರಿಸುವುದು, ಹೊಲಿಯುವುದು ಒಂದು ಹೊತ್ತಿನ ಕೆಲಸ. ಅಂಚು ಮುಗಿಸಲು ಇನ್ನೊಂದು ಹೊತ್ತು ಬೇಕು. ಗಿರಾಕಿಗೆ ಇದನ್ನು ಹೇಳಿದರೆ, ರೇಟು ಜಾಸ್ತಿ ಮಾಡಲು ನೆಪ ಅಂದುಕೊಳ್ಳುತ್ತಾರೆ.

ಬಟ್ಟೆ ಬಿಚ್ಚಿಕೊಳ್ಳಬಾರದು ಅಂತ ಟೈಲರ್ ಓವರ್‌ಲಾಕ್ ಹೊಡೆಯುತ್ತಾರಲ್ಲ? ಹತ್ತಿಗಿರಣಿಗಳಿಗೆ ಹೆಸರಾಗಿದ್ದ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಚಕ್ಕಳವೂ ಎಳೆಗಳ ರಾಶಿಯೇ. ಹಾಸುಹೊಕ್ಕು ಇಲ್ಲ ಅಷ್ಟೆ, ಎಲ್ಲಾ ಸಿಕ್ಕು ಸಿಕ್ಕು. ಮೇಲಿನ ಪದರ ಒತ್ತಾಗಿರುತ್ತದೆ, ಕೆಳಗಿಳಿದ ಹಾಗೆ ಸಡಿಲ. ಚಾಕು ಹಾಕಿದ ಕೂಡಲೇ ಎಳೆಗಳು ಬಾಯಿ ಬಿಡುತ್ತವೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಆ ಅಂಚು ಬೆವರು, ಮಳೆನೀರು ಎಳೆಯುತ್ತದೆ. ಆ ಬಾಯಿ ಮುಚ್ಚುವುದೇ ನಮ್ಮ ಕೆಲಸ.

ತಿಕ್ಕಿದರೆ ಮುಚ್ಚುವುದು ಎಲ್ಲಾ ಚಕ್ಕಳದಲ್ಲೂ ಆಗುವುದಿಲ್ಲ. ಇಲ್ಲಿಂದ ಚಿತ್ರದುರ್ಗಕ್ಕೆ ಹೋಗುವಾಗ ಹಳದಿ ಹೂ ಬಿಟ್ಟ ತಂಗಡಿ ಗಿಡ ನೋಡಿರುತ್ತೀರಿ. ಆವರಿಕೆ ಅಂತಲೂ ಅನ್ನುತ್ತಾರೆ. ಅದರ ತೊಗಟೆ, ಅಳಲೆಕಾಯಿ, ಇವೆಲ್ಲ ದಕ್ಷಿಣದಲ್ಲಿ ತೊಗಲು ಹದ ಮಾಡಲು ಹಿಂದಿನಿಂದ ಬಳಸಿದ ವಸ್ತುಗಳು. ಹೀಗೆ ಹದವಾದ ಚಕ್ಕಳ ನೀರು ತಾಗಿದರೆ ಮೆತ್ತಗಾಗುತ್ತದೆ, ಒತ್ತಿ ತಿಕ್ಕಿದರೆ ಹಾಗೇ ಕೂರುತ್ತದೆ. ಆಮೇಲೆ ಕ್ರೋಮ್ ಹದ ಬಂತು, ಅಂದರೆ ಕ್ರೋಮಿಯಂ ಲೋಹದ ಉಪ್ಪಿನಲ್ಲಿ ಮಾಡುವ ಹದ. 1884ರಲ್ಲಿ ಅಮೆರಿಕದಲ್ಲಿ ಅಗಸ್ಟಸ್ ಷುಲ್ಟ್ಸ್ ಎಂಬುವರು ಅಂಥ ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ವಾರಗಟ್ಟಲೆ ನೆನೆಹಾಕುವ ಕೆಲಸ ದಿನಗಳ ಲೆಕ್ಕಕ್ಕೆ ಇಳಿಯಿತು. ಈಗ ಪೇಟೆಯಲ್ಲಿ ಸಿಗುವುದು ಜಾಸ್ತಿ ಅದೇ. ಮೆತ್ತಗಿರುತ್ತದೆ, ನೀರಿಗೂ ಅಷ್ಟಾಗಿ ಹೆದರುವುದಿಲ್ಲ. ಆದರೆ ಅಂಚು ತಿಕ್ಕಿದರೆ ಸ್ಪಂಜಿನ ಹಾಗೆ ಮತ್ತೆ ಎದ್ದು ನಿಲ್ಲುತ್ತದೆ. ಕತ್ತರಿಸಿದ ಕಡೆ ನಡುವೆ ನೀಲಿ ಬೆರೆತ ಬೂದು ಗೆರೆ ಕಂಡರೆ ಕ್ರೋಮ್ ಅಂತ ತಿಳಿದುಕೊಳ್ಳಿ.

ನನಗೆ ತಿಕ್ಕಲು ಕಲಿಸಿದವರು ಚಪ್ಪಲಿ ಹೊಲಿಯುವ ಒಬ್ಬ ಅಜ್ಜ. ಮೊದಲ ದಿನ ನಾನು ಅಂಚಿಗೆ ನೀರು ಸುರಿದು ಜೋರಾಗಿ ತಿಕ್ಕಿದೆ. ಅಂಚು ಎರಡೂ ಕಡೆ ಮಗುಚಿಕೊಂಡು ಅಣಬೆ ತಲೆಯ ಹಾಗಾಯಿತು. ಅಜ್ಜ ನೋಡಿ, “ನೀರು ಜಾಸ್ತಿ ಆತು ತಮ್ಮಾ. ಒಣಗ್ಲಿ, ಟೀ ಕುಡ್ಕಂಡ್ ಬಾ” ಅಂದರು. ಬರುವಾಗ ಅವರಿಗೂ ಒಂದು ಟೀ ತಂದೆ. ಪಾಠ ಶುರುವಾಗಿದ್ದು ಅಲ್ಲಿಂದ.

ಮೊದಲು ಅಂಚಿನ ಮೇಲಿನ ಮತ್ತು ಕೆಳಗಿನ ಮೂಲೆಯನ್ನು ತೆಳ್ಳಗೆ ಹೆರೆಯಬೇಕು. ಅಜ್ಜ ರಂಪಿಗೆಯಲ್ಲೇ, ಅಂದರೆ ಚಕ್ಕಳ ಕೊಯ್ಯುವ ಉಳಿಯಲ್ಲೇ, ಎಳೆಯುತ್ತಿದ್ದರು. ನನಗೆ ಆ ಕೈ ಇಲ್ಲ, ಬೆವೆಲರ್ ಎಂಬ ಸಣ್ಣ ಉಪಕರಣ ಇಟ್ಟುಕೊಂಡಿದ್ದೇನೆ. ಮೂಲೆ ಹೋಗದಿದ್ದರೆ ಅಣಬೆ ಖಾತ್ರಿ. ಆಮೇಲೆ ಉಪ್ಪುಕಾಗದ. ತರಿಯಾದ 220 ನಂಬರಿನಿಂದ ಶುರುಮಾಡಿ ನಯವಾದ 400, 600ಕ್ಕೆ ಹೋಗುತ್ತೇನೆ. ಎರಡು ಪದರ ಅಂಟಿಸಿ ಹೊಲಿದಿದ್ದರೆ ನಡುವಿನ ಗೆರೆ ಬೆರಳಿಗೆ ತಾಗಬಾರದು. ಬಣ್ಣ ಬೇಕಿದ್ದರೆ ಈಗಲೇ ಹಾಕಿ ಒಣಗಿಸಬೇಕು.

ಈಗ ನೀರು. ಹಿಂಡಿದ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸಾಕು. ಕೆಲವರು ಟ್ರಾಗಕಾಂತ್ ಗೋಂದಿನ ತಿಳಿ ಹಚ್ಚುತ್ತಾರೆ. ಅದು ಇರಾನ್ ಕಡೆಯ ಒಂದು ಮುಳ್ಳುಗಿಡದ ಅಂಟು, ಎಳೆಗಳನ್ನು ಹಿಡಿದು ಕೂರಿಸುತ್ತದೆ. ಆಮೇಲೆ ಮರದ ಕಡ್ಡಿ. ಅಂಗಡಿಯದು ಬೇಕಿಲ್ಲ. ನಮ್ಮ ಮನೆಯ ಮುರಿದ ಲಟ್ಟಣಿಗೆಗೆ ಸುತ್ತಲೂ ಒಂದು ತೋಡು ಕೊರೆದು ಅದನ್ನೇ ಬಳಸುತ್ತೇನೆ. ಮೊದಲು ಹಗುರವಾಗಿ ಉದ್ದಕ್ಕೂ ಹಿಂದೆ ಮುಂದೆ. ಸ್ವಲ್ಪ ಹೊತ್ತು ಕಡ್ಡಿ ಅಲ್ಲಲ್ಲಿ ಹಿಡಿಯುತ್ತದೆ. ಬಿಸಿಯೇರಿದ ಹಾಗೆ ಸದ್ದು ಬದಲಾಗುತ್ತದೆ, ಕರಕರ ನಿಂತು ಕಡ್ಡಿ ಜಾರತೊಡಗುತ್ತದೆ. ಅಂಚಿನ ಬಣ್ಣ ಬೆಲ್ಲದ ಪಾಕಕ್ಕೆ ತಿರುಗಿ ಹೊಳಪು ಬರುತ್ತದೆ. ಇದನ್ನೆಲ್ಲ ಕಣ್ಣಿಗಿಂತ ಮೊದಲು ಕೈ ಗುರುತಿಸುತ್ತದೆ. ಆಮೇಲೂ ಹಟ ಹಿಡಿದು ತಿಕ್ಕಿದರೆ ಸುಟ್ಟು ಕಪ್ಪಾಗುತ್ತದೆ.

ಕೊನೆಗೆ ಜೇನುಮೇಣ. ತುಂಡನ್ನು ಅಂಚಿಗೆ ಎಳೆದು, ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಬಿಸಿಗೆ ಮೆತ್ತಗಾಗಿ ಒಳಗೆ ಇಳಿಯುತ್ತದೆ. ಜೇನುಮೇಣ ಕರಗುವುದು ಸುಮಾರು 62 ಡಿಗ್ರಿಯಲ್ಲಿ. ನಮ್ಮ ಊರಿನ ಬೇಸಿಗೆಗೆ ಅದು ಹೆದರುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಟ್ಯಾಂಕಿನ ಮೇಲೆ ಇಟ್ಟರೆ ಮಾತ್ರ ನಾನು ಜವಾಬ್ದಾರನಲ್ಲ.

ಒಂದು ಮಾತು ನೆನಪಾಯಿತು. ಹಳ್ಳಿ ಕಡೆ ಮೆಟ್ಟಿಗೆ ಹರಳೆಣ್ಣೆ ಕುಡಿಸುತ್ತಾರಲ್ಲ, ಮೆಟ್ಟಿಗೆ ಅದು ಒಳ್ಳೆಯದೇ. ಆದರೆ ಅಂಚು ಮುಗಿಸುವ ಮೊದಲು ಎಣ್ಣೆ ತಾಗಿಸಬೇಡಿ. ಆಮೇಲೆ ಗೋಂದೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ಕ್ರೋಮ್ ಚಕ್ಕಳಕ್ಕೆ ಎಡ್ಜ್ ಪೇಂಟ್, ಅಂದರೆ ಅಂಚಿಗೆ ಬಳಿಯುವ ಬಣ್ಣವೇ ಗತಿ. ತೆಳ್ಳಗೆ ಹಚ್ಚಿ, ಒಣಗಿಸಿ, ಉಪ್ಪುಕಾಗದ ಆಡಿಸಿ, ಮತ್ತೆ ಹಚ್ಚಿ. ಮೂರು ನಾಲ್ಕು ಸಲ. ಒಮ್ಮೆ ನಮ್ಮ ಭಾವನಿಗೆ ಮದುವೆಗೆ ಅಂತ ಬೆಲ್ಟ್ ಮಾಡಿದೆ. ಹೊತ್ತಾಯಿತು ಅಂತ ಒಂದೇ ಸಲ ದಪ್ಪಗೆ ಪೇಂಟ್ ಬಳಿದೆ. ಮೇಲೆ ಒಣಗಿದೆ, ಒಳಗೆ ಹಸಿ. ಮದುವೆ ಮನೆಯಲ್ಲಿ ಬಕಲ್ ಹತ್ತಿರ ಬಾಗುವ ಕಡೆ ಹಪ್ಪಳದ ಹಾಗೆ ಬಿರಿದು, ಅವರ ಬಿಳಿ ಪ್ಯಾಂಟಿಗೆ ಕಂದು ಪಟ್ಟೆ ಬಿತ್ತು. ಊಟದ ಪಂಕ್ತಿಯಲ್ಲಿ ಅಕ್ಕ ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

ಆಮೇಲೆ ತೊಗಟೆ ಹದದ ಚಕ್ಕಳದಲ್ಲಿ ಹೊಸ ಬೆಲ್ಟ್ ಮಾಡಿ, ಒಂದು ಸಂಜೆಯೆಲ್ಲಾ ಅಂಚು ತಿಕ್ಕಿ ಕೊಟ್ಟೆ. ಭಾವ ಅದನ್ನು ದಿನಾ ಹಾಕುತ್ತಾರೆ. ಬಿಳಿ ಪ್ಯಾಂಟಿಗೆ ಮಾತ್ರ ಇವತ್ತಿಗೂ ಹಾಕುವುದಿಲ್ಲ.

ನಮಸ್ಕಾರ.