ಒಂದೇ ನಿಮಿಷ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಮೈಸೂರಿನ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿಸಿದ್ದು. ಎತ್ತರ 75 ಅಡಿ. ಅಂಕಿಗಳು ಕನ್ನಡದವು, ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಇದಕ್ಕೂ ಹಳೆಯದು, ನಡೆದು ಹೋಗುವಷ್ಟು ದೂರದಲ್ಲೇ, ದೇವರಾಜ ಮಾರುಕಟ್ಟೆಯ ಎದುರಿಗಿರುವ ಚಿಕ್ಕ ಗಡಿಯಾರ. ಇಷ್ಟು ಹತ್ತಿರ ಹತ್ತಿರ ಎರಡು ಗಡಿಯಾರ ಕಟ್ಟಿಸಿಕೊಂಡ ಊರು ನಮ್ಮದು. ಆದರೂ ಒಂದು ನಿಮಿಷವೆಂದರೆ ಎಷ್ಟು ಹೊತ್ತು ಎನ್ನುವ ವಿಷಯದಲ್ಲಿ ಇಲ್ಲಿ ಯಾವ ಇಬ್ಬರಿಗೂ ಒಮ್ಮತವಿಲ್ಲ.

ಕಳೆದ ಶುಕ್ರವಾರ ರಜೆ ಹಾಕಿ ಒಂದು ಕೆಲಸ ಮಾಡಿದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿಯವರೆಗೆ ನನ್ನೆದುರು ಯಾರು "ಒಂದು ನಿಮಿಷ" ಎಂದರೂ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದೆ. ಇದು ಆ ದಿನದ ಲೆಕ್ಕ. ಜಗಳಗಂಟಿ ಎನ್ನುವವರು ಎನ್ನಲಿ, ಮನೆಯಲ್ಲಿ ಆಗಲೇ ಅಂದಾಗಿದೆ.

ನಮ್ಮ ಮನೆ ಸರಸ್ವತೀಪುರಂನಲ್ಲಿ, ಕುಕ್ಕರಹಳ್ಳಿ ಕೆರೆಗೆ ಹತ್ತಿರ. ಬಾಡಿಗೆಗೆ ಬರುವಾಗ ಮಾಲೀಕರು, ಕೆರೆ ಇಷ್ಟು ಹತ್ತಿರ ಸಿಗುವುದು ಪುಣ್ಯ ಎಂದಿದ್ದರು. ಕೆರೆ ಸುತ್ತಲು ಬರುವವರ ಕಾರುಗಳಿಗೆ ನಮ್ಮ ಗೇಟೂ ಅಷ್ಟೇ ಹತ್ತಿರ ಎಂಬುದನ್ನು ಹೇಳಿರಲಿಲ್ಲ.

ಸಮಯ 6 ಗಂಟೆ 40 ನಿಮಿಷ. ಇದು ನಮ್ಮ ಗೇಟು. ಇದು ಅಪ್ಪ ತಮ್ಮ ಕೈಯಾರೆ ಬಣ್ಣದಲ್ಲಿ ಬರೆದು ತೂಗುಹಾಕಿರುವ ಹಲಗೆ: "ದಯವಿಟ್ಟು ಇಲ್ಲಿ ವಾಹನ ನಿಲ್ಲಿಸಬೇಡಿ." ಇದು ಆ "ದಯವಿಟ್ಟು" ಎಂಬ ಪದಕ್ಕೆ ಮೂತಿ ತಾಗಿಸಿಕೊಂಡು ನಿಂತಿರುವ ಬಿಳಿ ಕಾರು. ನಾಲ್ಕೂ ಮೂಲೆಯ ಹಳದಿ ದೀಪಗಳು ಮಿನುಗುತ್ತಿವೆ. ಈ ದೀಪಗಳ ಮಹಿಮೆಯನ್ನು ಹೇಳಲೇಬೇಕು. ಗಾಡಿ ಕೆಟ್ಟು ನಿಂತಾಗ ಹಿಂದೆ ಬರುವವರಿಗೆ ಗೊತ್ತಾಗಲಿ ಎಂದು ಇಟ್ಟ ದೀಪ ಅದು. ನಮ್ಮವರು ಅದನ್ನು ಪ್ರಾಯಶ್ಚಿತ್ತದ ದೀಪ ಮಾಡಿಕೊಂಡಿದ್ದಾರೆ. ಹಚ್ಚಿಬಿಟ್ಟರೆ ಆಯಿತು, ಗೇಟಿನ ಮುಂದೆ ನಿಂತರೂ ದೋಷವಿಲ್ಲ, ನಡುರಸ್ತೆಯಲ್ಲಿ ನಿಂತರೂ ದೋಷವಿಲ್ಲ.

ಕಾರಿನ ಯಜಮಾನರು ಆಗಷ್ಟೇ ಇಳಿದು ಟೋಪಿ ಸರಿಪಡಿಸಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ತೋರುಬೆರಳು ಎತ್ತಿದರು. "ಒಂದೇ ನಿಮಿಷ ಅಮ್ಮಾ, ಬಂದೇಬಿಟ್ಟೆ." ಬಂದೇಬಿಟ್ಟೆ ಎನ್ನುತ್ತಾ ಕೆರೆಯ ಕಡೆಗೆ ಹೋದರು. ಕೆರೆ ಸುತ್ತಲು ಹೋಗುವವರು ಒಂದು ನಿಮಿಷದಲ್ಲಿ ಬರಬೇಕಾದರೆ ನೀರಿನ ಮೇಲೆ ನಡೆಯಬೇಕು.

ಅಪ್ಪ ಸ್ಕೂಟರನ್ನು ಓರೆಯಾಗಿ ತೂರಿಸಿಕೊಂಡು ಹಾಲಿಗೆ ಹೋಗಿಬಂದರು. ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಕುಳಿತರು, ಟೈರಿನವರೆಗೆ ಎಳೆ ಎಳೆದು ಅಲ್ಲಿಗೆ ನಿಲ್ಲಿಸಿದರು. ನೋಡಿ, ಅರ್ಧ ಕಮಲ. ಉಳಿದರ್ಧ ಕಾರಿನ ಅಡಿಗೆ ಸೇರಬೇಕಾದದ್ದು. ಸ್ಟಾಪ್‌ವಾಚಿನಲ್ಲಿ 47 ನಿಮಿಷ ಆದಾಗ ಯಜಮಾನರು ಬೆವರು ಒರೆಸಿಕೊಳ್ಳುತ್ತಾ ಬಂದು, ಹಿಂದೆ ತೆಗೆಯುವಾಗ ಆ ಅರ್ಧ ಕಮಲದ ಮೇಲೆ ಚಕ್ರ ಹತ್ತಿಸಿ ಹೋದರು. ಹೋಗುವಾಗ ಕೈ ಬೇರೆ ಬೀಸಿದರು. ಅಮ್ಮನೂ ಬೀಸಿದರು! ಅದು ನನಗೆ ಇನ್ನೂ ಅರಗಿಲ್ಲ.

ಕೆರೆಯ ಏರಿಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅಲ್ಲಿನ ಕಿರಿಕಿರಿ ನಿಮಗೆಲ್ಲ ಪರಿಚಯವಿರುವುದೇ. ನಾಲ್ಕು ಜನ ಅಡ್ಡಡ್ಡಲಾಗಿ ಕೈ ಬೀಸಿಕೊಂಡು ನಡೆಯುತ್ತಾರೆ, ಹಿಂದಿನವರು ಅವರ ನಿವೃತ್ತಿ ವೇತನದ ಬಾಕಿಯ ಕಥೆ ಪೂರ್ತಿ ಕೇಳಿಸಿಕೊಂಡೇ ಮುಂದೆ ಹೋಗಬೇಕು. ಒಬ್ಬರ ಜೇಬಿನೊಳಗಿನಿಂದ ದೇವಿಯ ಸ್ತೋತ್ರ, ಎದುರಿನಿಂದ ಬರುವವರ ಜೇಬಿನಿಂದ ಹಳೆಯ ಚಿತ್ರಗೀತೆ. ಎರಡೂ ಸರಿಯಾಗಿ ನನ್ನ ಕಿವಿಯ ಹತ್ತಿರ ಸಂಧಿಸುತ್ತವೆ. ಅಲ್ಲಿ ಮರದ ಮೇಲೆ ಹೆಜ್ಜಾರ್ಲೆಗಳ ಗುಂಪು ಕುಳಿತಿದೆ. ಅಷ್ಟು ದೊಡ್ಡ ಕೊಕ್ಕು ಇಟ್ಟುಕೊಂಡೂ ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿದ್ದವು ಅವು ಮಾತ್ರ.

ಈಗ ತಿಂಡಿ. ಹೋಟೆಲಿನ ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ವಾರ ನನಗೇ ಜಾಗ ಸಿಗುವುದಿಲ್ಲ. ಮೇಲೊಂದು ಮುದ್ದೆ ಬೆಣ್ಣೆ ಇಟ್ಟ ಮೆತ್ತನೆಯ ದೋಸೆ, ಸಾಗು, ಕಾಯಿಚಟ್ನಿ. ಮೇಜುಗಳು ಕಡಿಮೆ, ಜನ ಹೆಚ್ಚು. ಇಂಥ ಕಡೆ ಜಾಗ ಹಿಡಿಯುವ ಕ್ರಮ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾರ ತಟ್ಟೆಯಲ್ಲಿ ದೋಸೆ ಅರ್ಧಕ್ಕಿಂತ ಕಡಿಮೆ ಇದೆಯೋ ಅವರ ಕುರ್ಚಿಯ ಹಿಂದೆ ಹೋಗಿ ನಿಲ್ಲುವುದು. ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟರೆಂದರೆ ಕ್ರಯಪತ್ರ ನೋಂದಣಿಯಾದಂತೆ.

ನನ್ನ ಹಿಂದೆ ಒಂದು ಸಂಸಾರವೇ ನಿಂತಿತು. ಗಂಡ, ಹೆಂಡತಿ, ಏಳೆಂಟು ವರ್ಷದ ಹುಡುಗ. ಹುಡುಗನ ಗಲ್ಲ ಸರಿಯಾಗಿ ನನ್ನ ಭುಜದ ಎತ್ತರಕ್ಕೆ ಇತ್ತು, ಅವನ ಉಸಿರು ನನ್ನ ಚಟ್ನಿಗೆ ತಾಗುತ್ತಿತ್ತು. ಗಂಡ ಬಹಳ ಸೌಜನ್ಯದ ಮನುಷ್ಯ. "ನೀವು ನಿಧಾನವಾಗಿ ತಿನ್ನಿ ಮೇಡಂ, ನಮಗೇನೂ ಅವಸರವಿಲ್ಲ" ಎಂದರು, ಕುರ್ಚಿಯನ್ನು ಅರ್ಧ ಅಂಗುಲ ಹಿಂದಕ್ಕೆ ಎಳೆಯುತ್ತಾ. ಆಮೇಲೆ ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಒಂದು ನಿಮಿಷ, ಇವರದು ಮುಗಿಯಿತು" ಎಂದರು. ತೀವ್ರ ನಿಗಾ ಘಟಕದ ಹೊರಗೆ ನಿಂತು ಹೇಳುವ ಧಾಟಿ.

ನಿಧಾನವಾಗಿ ತಿನ್ನಿ ಎಂದವರ ಎದುರು ನಿಧಾನವಾಗಿ ತಿಂದು ನೋಡಿ. ಪ್ರತಿ ತುತ್ತನ್ನೂ ಮೂರು ಜೊತೆ ಕಣ್ಣುಗಳು ತಟ್ಟೆಯಿಂದ ಬಾಯಿಯವರೆಗೆ ಕಳುಹಿಸಿಕೊಡುತ್ತವೆ. ನೀರು ಕುಡಿದರೆ ಮುಗಿಯಿತೇನೋ ಎಂದು ಮೂವರೂ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಕೈಚೀಲ ಮುಟ್ಟಿದರೆ ಇನ್ನೊಂದು ಹೆಜ್ಜೆ. ಸ್ಟಾಪ್‌ವಾಚ್ ಓಡುತ್ತಿತ್ತು. ಕೊನೆಯ ತುಂಡಿಗೆ ಬಂದಿದ್ದೆ. ಆಗ ಆ ಹುಡುಗ, "ಅಪ್ಪಾ, ಇವರು ಸಾಗು ಬಿಡುತ್ತಾರೆ ಅನ್ನಿಸುತ್ತದೆ" ಎಂದ.

ಮಾಣಿಯನ್ನು ಕರೆದು ಇನ್ನೊಂದು ದೋಸೆ ಹೇಳಿದೆ. ಹಸಿವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಇವರ ಲೆಕ್ಕ 19 ನಿಮಿಷಕ್ಕೆ ಹೋಯಿತು, ಅದರಲ್ಲಿ ಅರ್ಧ ನನ್ನ ಖಾತೆಗೆ ಬರಬೇಕು. ಎರಡನೆಯ ದೋಸೆ ಮಾತ್ರ ಮೊದಲನೆಯದಕ್ಕಿಂತ ರುಚಿಯಾಗಿತ್ತು.

ಹನ್ನೊಂದು ಗಂಟೆಗೆ ಒಂದು ಬ್ಯಾಂಕು. ಒಳಗೆ ಚಿತ್ರೀಕರಿಸಲು ಬಿಡುವುದಿಲ್ಲ, ಹೀಗಾಗಿ ಹೊರಗಿನ ಹೊಂಗೆ ಮರವನ್ನೇ ನೋಡುತ್ತಾ ಕೇಳಿಸಿಕೊಳ್ಳಿ. ಚಲನ್ ತುಂಬುವ ಮೇಜಿನ ಮೇಲೆ ದಾರವಿತ್ತು. ದಾರದ ತುದಿಯಲ್ಲಿ ಪೆನ್ನಿರಲಿಲ್ಲ. ಇದನ್ನು ಮೊದಲೇ ಊಹಿಸಿ ನಾನು ಮನೆಯಿಂದ ಪೆನ್ನು ಒಯ್ದಿದ್ದೆ. ಅದೇ ತಪ್ಪಾದದ್ದು.

"ಪೆನ್ನು ಒಂದು ನಿಮಿಷ ಕೊಡಿ."

ನಮ್ಮ ಅಪ್ಪನ ಒಂದು ಸಿದ್ಧಾಂತವಿದೆ: ಪೆನ್ನು ಕೊಡು, ಮುಚ್ಚಳ ಕೊಡಬೇಡ. ಮುಚ್ಚಳವಿಲ್ಲದ ಪೆನ್ನನ್ನು ಯಾರೂ ಜೇಬಿಗೆ ಇಟ್ಟುಕೊಳ್ಳುವುದಿಲ್ಲ, ಅಂಗಿಗೆ ಶಾಯಿ ತಾಗುತ್ತದೆ ಎಂಬ ಭಯಕ್ಕಾದರೂ ಹಿಂದಿರುಗಿಸುತ್ತಾರೆ ಎಂಬುದು ಅವರ ತರ್ಕ. ಈ ಸಿದ್ಧಾಂತ ಎಷ್ಟು ಗಟ್ಟಿಯೆಂದರೆ, ಅವರ ಮೇಜಿನ ಖಾನೆಯಲ್ಲಿ ಈಗ ಒಂಬತ್ತು ಮುಚ್ಚಳಗಳಿವೆ. ಇಗೋ, ಸಾಲಾಗಿ ಜೋಡಿಸಿ ತೋರಿಸಿದ್ದೇನೆ. ಪೆನ್ನು ಒಂದೂ ಇಲ್ಲ. ಆದರೂ ನಾನು ಮುಚ್ಚಳ ಕೈಯಲ್ಲಿ ಉಳಿಸಿಕೊಂಡೇ ಕೊಟ್ಟೆ, ರಕ್ತಗುಣ.

ಪೆನ್ನು ಪಡೆದವರು ಹೆಸರು ಬರೆದು, ಖಾತೆಯ ಸಂಖ್ಯೆ ನೆನಪಾಗದೆ ಮನೆಗೆ ಫೋನ್ ಮಾಡಿದರು. ಪಾಸ್‌ಪುಸ್ತಕ ಎಲ್ಲಿದೆ ಎಂಬ ಚರ್ಚೆ ಶುರುವಾಯಿತು. ಬೀರುವಿನಲ್ಲಿಲ್ಲ, ಹಾಸಿಗೆಯ ಕೆಳಗಿಲ್ಲ, ದೇವರಮನೆಯಲ್ಲಿ ನೋಡು. ಆ ನಡುವೆ ಪಕ್ಕದವರು ಅವರ ಕೈಯಿಂದ ಪೆನ್ನು ತೆಗೆದುಕೊಂಡರು. ನನ್ನನ್ನು ಕೇಳಲಿಲ್ಲ, ಅವರನ್ನು ಕೇಳಿದರು! ಅವರೂ ತಲೆಯಾಡಿಸಿ ಒಪ್ಪಿಗೆ ಕೊಟ್ಟರು, ಪಿತ್ರಾರ್ಜಿತ ಎಂಬಂತೆ. ಎರಡನೆಯವರಿಂದ ಮೂರನೆಯವರಿಗೆ ಹೋಯಿತು. ನಾನು ಮುಚ್ಚಳ ಹಿಡಿದು ಪೆನ್ನಿನ ಹಿಂದೆ ಸುತ್ತಿದೆ.

ಅಷ್ಟರಲ್ಲಿ ಸಾಲಿನಲ್ಲಿ ನನ್ನ ಜಾಗ ಕರಗಿತ್ತು. "ಒಂದು ಮಾತು ಕೇಳುವುದಿತ್ತು ಅಷ್ಟೇ, ಒಂದು ನಿಮಿಷ" ಎಂದು ಪಕ್ಕದಿಂದ ಕೌಂಟರಿಗೆ ಮೊಣಕೈ ಊರುವವರು ಗೊತ್ತಲ್ಲ? ಕೇಳುವವರಿಗೆ ಸಾಲು ಅನ್ವಯಿಸುವುದಿಲ್ಲ ಎಂಬ ನಿಯಮವನ್ನು ಯಾರು ಮಾಡಿದರೋ. ಕೇಳುವುದು ಮುಗಿದ ಮೇಲೆ ಅದೇ ಉಸಿರಿನಲ್ಲಿ ಚೀಲದಿಂದ ಕಾಗದಗಳ ಕಟ್ಟು ಹೊರಗೆ ಬರುತ್ತದೆ. "ಹಾಗಾದರೆ ಇದನ್ನೂ ಒಮ್ಮೆ ನೋಡಿಬಿಡಿ."

26 ನಿಮಿಷಕ್ಕೆ ನನ್ನ ಪೆನ್ನು ಸಿಕ್ಕಿತು. ತುದಿಯನ್ನು ಯಾರೋ ಕಚ್ಚಿದ್ದರು. ಕೊಟ್ಟವರು, "ಇದು ನಿಮ್ಮದಾ? ಸರಿಯಾಗಿ ಬರೆಯುವುದಿಲ್ಲವಲ್ಲ" ಎಂದು ದೂರಿದರು.

ನನಗೆ ಸಿಟ್ಟು ಬರುವುದು ಕಳೆದ ಹೊತ್ತಿಗಲ್ಲ. ನಾನೇನು ಅಷ್ಟು ಹೊತ್ತಿನಲ್ಲಿ ಕೋಟೆ ಕಟ್ಟುವವಳಲ್ಲ. ಆ ಮಾತು ಕೇಳಿದ ಕೂಡಲೇ ಬೇಡ ಎನ್ನುವ ಹಕ್ಕು ನನ್ನ ಕೈಯಿಂದ ಹೋಗಿಬಿಡುತ್ತದೆ, ಸಿಟ್ಟು ಅದಕ್ಕೆ. ಒಂದು ಗಂಟೆ ಗೇಟು ಬಿಟ್ಟುಕೊಡಿ ಎಂದರೆ ಆಗುವುದಿಲ್ಲ ಎನ್ನಬಹುದು. ಒಂದು ನಿಮಿಷ ಎಂದವರಿಗೆ ಆಗುವುದಿಲ್ಲ ಎಂದರೆ ಸಣ್ಣವಳಾಗುವುದು ನಾನು. ಪೊಲೀಸರಿಗೆ ಹೇಳುವಷ್ಟು ದೊಡ್ಡದಲ್ಲ, ನುಂಗಿಕೊಳ್ಳುವಷ್ಟು ಸಣ್ಣದೂ ಅಲ್ಲ. ಹಲ್ಲಿನ ಸಂದಿಯ ಅಡಿಕೆ ಚೂರು.

ಧನ್ವಂತರಿ ರಸ್ತೆಗೆ ಬರುವಾಗ ಸಿಗ್ನಲ್ ಬಿದ್ದಿತ್ತು. ಕೆಂಪು ದೀಪದ ಪಕ್ಕದ ಅಂಕಿ ಇಳಿಯುತ್ತಿರುವುದನ್ನು ನೋಡಿ: ಏಳು, ಆರು, ಐದು. ಐದಕ್ಕೆ ಹಿಂದಿನಿಂದ ಹಾರನ್ ಶುರು. ಊರಿಗೆಲ್ಲ ಬೇರೆಯವರ ನಿಮಿಷಗಳನ್ನು ಧಾರೆಯೆರೆಯುವ ಜನಕ್ಕೆ ಇಲ್ಲಿ ತಮ್ಮ ಐದು ಸೆಕೆಂಡು ಕೊಡಲು ಆಗುವುದಿಲ್ಲ. ಅದೂ ದೊಡ್ಡಾಸ್ಪತ್ರೆಯ ಆಸುಪಾಸಿನಲ್ಲಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಮೌನ ವಲಯ ಮಾಡಲು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಅವಕಾಶವಿದೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್, ಹೆಚ್ಚುಕಡಿಮೆ ಇಬ್ಬರು ಮೆಲ್ಲಗೆ ಮಾತನಾಡಿಕೊಳ್ಳುವಷ್ಟು. ನನ್ನ ಹಿಂದಿದ್ದ ಬೈಕಿನವನು ಒಬ್ಬನೇ ಹತ್ತು ಜನರ ಮಾತನ್ನು ಆಡಿದ.

ಇದು ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಮಲ್ಲಿಗೆಯ ರಾಶಿ, ಸುಗಂಧರಾಜ, ಹಳದಿ ಸೇವಂತಿಗೆಯ ಹಾರಗಳು. ಮೇಲಿನಿಂದ ಬಿಸಿಲಿನ ಒಂದು ಕೋಲು ಬಿದ್ದಿತ್ತು. ಕ್ಯಾಮೆರಾ ಹಿಡಿದು ಒಂದು ಅಂಗಡಿಯ ಮುಂದೆ ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಸ್ವಲ್ಪ ಸರಿಯಿರಿ" ಎಂದರು. ತಿರುಗಿ ನೋಡದೆ ತೋರುಬೆರಳು ಎತ್ತಿದೆ. ಬಾಯಲ್ಲಿ ಏನು ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಸ್ಟಾಪ್‌ವಾಚ್ ಒತ್ತುವುದು ಮರೆತಿತ್ತು. ನಾನು ಚಿತ್ರ ಮುಗಿಸಿ ಪಕ್ಕಕ್ಕೆ ಸರಿದಾಗ, ಒಳಗೆ ಕುಳಿತು ಹೂ ಕಟ್ಟುತ್ತಿದ್ದ ಅಜ್ಜಿ ದಾರದಿಂದ ಕಣ್ಣೆತ್ತದೆ ಹೇಳಿದರು: "ನಿನ್ನ ಒಂದು ನಿಮಿಷಕ್ಕೆ ನನ್ನ ಆರು ಮೊಳದ ವ್ಯಾಪಾರ ಮುಂದಿನ ಅಂಗಡಿಗೆ ಹೋಯಿತು ಕಣಮ್ಮಾ."

ಆರು ಮೊಳ ನಾನೇ ಕೊಂಡೆ. ಅಜ್ಜಿ ಅಳೆಯುವಾಗ ನೋಡಿದೆ, ಅವರದು ಪುಟ್ಟ ಕೈ, ಮೊಳ ಬೇಗ ಬೇಗ ಮುಗಿಯುತ್ತಿತ್ತು. ಮನೆಗೆ ಬಂದು ಅಮ್ಮ ತಮ್ಮ ಕೈಯಲ್ಲಿ ಅಳೆದರೆ ಐದೂ ಇಲ್ಲ. ಮೊಳ ಅವರವರ ಕೈ ಇದ್ದಷ್ಟೇ ಉದ್ದವಲ್ಲವೇ? ವಾದಿಸುವ ನೈತಿಕ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಸಂಜೆ 7 ಗಂಟೆ 35 ನಿಮಿಷ. ಸೋದರತ್ತೆ ಮತ್ತು ಮಾವ ಬಂದರು, ಮಗನ ಮದುವೆಯ ಲಗ್ನಪತ್ರಿಕೆ ಕೊಡಲು. ಹೊಸಿಲಿನಲ್ಲೇ ಅತ್ತೆ ಹೇಳಿದರು: "ಕೂರುವುದಿಲ್ಲ, ಒಂದೇ ನಿಮಿಷ, ಇನ್ನೂ ಹದಿನಾಲ್ಕು ಮನೆಗೆ ಪತ್ರಿಕೆ ಕೊಡಬೇಕು." ಒತ್ತಿದೆ. ಕುಳಿತರು. ಕಾಫಿ ಬೇಡವೆಂದು ಮೂರು ಸಲ ಹೇಳಿ ಕುಡಿದರು. ಊಟ ಬೇಡವೆಂದು ಎರಡು ಸಲ ಹೇಳಿ, ಬರೀ ಮೊಸರನ್ನ ಎಂದು ಶುರು ಮಾಡಿ, ಹುಳಿಯನ್ನು ಎರಡು ಬಾರಿ ಬಡಿಸಿಕೊಂಡರು. ಬೀಗರ ಕಡೆಯವರು ಛತ್ರದ ವಿಷಯದಲ್ಲಿ ಹೇಗೆ ನಡೆದುಕೊಂಡರು ಎಂಬುದನ್ನು ಅತ್ತೆ ಹೇಳಿದರು, ಅದನ್ನೇ ಮಾವ ಬೇರೆ ರೀತಿ ಹೇಳಿದರು. ಇದನ್ನು ನಾನು ಚಿತ್ರೀಕರಿಸಿಲ್ಲ, ಮದುವೆ ನಡೆಯಬೇಕಲ್ಲ.

9 ಗಂಟೆ 20ಕ್ಕೆ "ಬರುತ್ತೇವೆ" ಎಂದು ಎದ್ದರು. ಹೊರಗಿನವರಿಗೆ ತಿಳಿಯದು, ನಮ್ಮಲ್ಲಿ "ಬರುತ್ತೇವೆ" ಎಂದ ಮೇಲೆ ಭೇಟಿಯ ಎರಡನೆಯ ಭಾಗ ಶುರುವಾಗುತ್ತದೆ. ಒಳಗೆ ಹೇಳಲಾಗದ ಮಾತುಗಳೆಲ್ಲ ಗೇಟಿಗಾಗಿ ಎತ್ತಿಟ್ಟದ್ದು. ಮಾವ ಗೇಟಿನ ಅಗುಳಿ ಹಿಡಿದು ಅಪ್ಪನಿಗೆ ಸಕ್ಕರೆ ಕಾಯಿಲೆಯ ಹೊಸ ಪಥ್ಯ ಹೇಳುತ್ತಿದ್ದಾರೆ. ಅತ್ತೆ, ಅಮ್ಮ ತಲೆ ಹತ್ತಿರ ತಂದು ಬೀಗಿತ್ತಿಯ ಸೀರೆಯ ಬಗ್ಗೆ ಪಿಸುಗುಡುತ್ತಿದ್ದಾರೆ. ಸೊಳ್ಳೆಗಳು ನಾಲ್ವರಿಗೂ ಸಮನಾಗಿ ಕಚ್ಚುತ್ತಿವೆ. ಬೀದಿದೀಪದ ಬೆಳಕಿನಲ್ಲಿ ಚಿತ್ರ ಇಷ್ಟೇ ಚೆನ್ನಾಗಿ ಬರುವುದು, ಕ್ಷಮಿಸಿ.

ಇನ್ನೇನು ಕಾರಿನ ಬಾಗಿಲು ತೆರೆಯಿತು. ಮಾವ ಕೂತರು, ಎಂಜಿನ್ ಚಾಲೂ ಆಯಿತು. 2 ಗಂಟೆ 29 ನಿಮಿಷ. ಸ್ಟಾಪ್‌ವಾಚ್ ನಿಲ್ಲಿಸಲು ಹೆಬ್ಬೆರಳು ಇಟ್ಟಿದ್ದೆ.

"ಅಯ್ಯೋ, ಕುಂಕುಮ ಕೊಡುವುದೇ ಮರೆತೆ" ಎಂದರು ಅಮ್ಮ. "ಅತ್ತಿಗೆ, ಒಂದೇ ನಿಮಿಷ ಒಳಗೆ ಬನ್ನಿ. ಇವಳು ಆರು ಮೊಳ ಮಲ್ಲಿಗೆ ಬೇರೆ ತಂದಿದ್ದಾಳೆ."

ಮಾವ ಎಂಜಿನ್ ಆರಿಸಿದರು. ನಾಲ್ಕೂ ಮೂಲೆಯ ಹಳದಿ ದೀಪ ಹಚ್ಚಿದರು, ಕಾರು ಎದುರು ಮನೆಯ ಗೇಟಿಗೆ ಅಡ್ಡವಾಗಿತ್ತು. ಅತ್ತೆ ಮತ್ತೆ ಚಪ್ಪಲಿ ಬಿಟ್ಟರು. ನನ್ನ ಮೊಬೈಲಿನಲ್ಲಿ ಶೇಕಡಾ 4 ಚಾರ್ಜ್ ಇತ್ತು.